ಇವತ್ತು ಬ್ಯಾಡ್ರಿ

ಸಾಣಾಪುರದ ಕೆರೆ ಹೆಪ್ಪುಗಟ್ಟುವುದಿಲ್ಲ. ಮೇ ತಿಂಗಳಲ್ಲಿ ಅದರ ಸುತ್ತಲಿನ ಬಂಡೆಗಳ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಹೆಪ್ಪುಗಟ್ಟುವ ಮಾತು ಹಾಗಿರಲಿ, ಈ ನೀರು ಇನ್ನೂ ಯಾಕೆ ಕುದಿಯುತ್ತಿಲ್ಲ ಅನ್ನಿಸುತ್ತದೆ. ಆದರೂ ಈ ಕೆರೆಯ ಬಗ್ಗೆ, ಅದರ ಮಗ್ಗುಲಿಗಿರುವ ತುಂಗಭದ್ರೆಯ ಬಗ್ಗೆ, ಅಲ್ಲಿಗೆ ಹೋಗಿ ಜೀವ ಕಳೆದುಕೊಳ್ಳುವವರ ಬಗ್ಗೆ ನಾನು ಸರಿಯಾಗಿ ಯೋಚನೆ ಮಾಡಿದ್ದು ಮಂಜುಗಡ್ಡೆ ಕಟ್ಟುವ ಕೆರೆಗಳ ಕಥೆ ಕೇಳಿದ ಮೇಲೆ.

ನಮ್ಮ ಟೀಮಿನಲ್ಲಿ ದಾವಣಗೆರೆ ಕಡೆಯವರೊಬ್ಬರು ಅಮೆರಿಕದ ಮಿನ್ನೆಸೋಟದಲ್ಲಿದ್ದಾರೆ. ಚಳಿಗಾಲದಲ್ಲಿ ಸೋಮವಾರದ ಮೀಟಿಂಗಿಗೆ ಎಲ್ಲರೂ ಸೇರುವ ಮುಂಚಿನ ಐದು ನಿಮಿಷ ಅವರದ್ದೇ. ವಾರಾಂತ್ಯಕ್ಕೆ ಪಕ್ಕದ ಮನೆಯವರ ಜೊತೆ ಕೆರೆ ಮೇಲೆ ಹೋಗಿದ್ದು, ಮಂಜುಗಡ್ಡೆಗೆ ಬೈರಿಗೆ ಹಾಕಿ ತೂತು ಕೊರೆದಿದ್ದು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಆ ತೂತಿನೊಳಗೆ ಗಾಳ ಬಿಟ್ಟಿದ್ದು. ಅವರು ಸಸ್ಯಾಹಾರಿ. ಸಿಕ್ಕ ಮೀನೆಲ್ಲ ಪಕ್ಕದ ಮನೆಗೆ, ಇವರಿಗೆ ಕೂತಿದ್ದಷ್ಟೇ ಲಾಭ. ‘ಕೆರೆ ಮೇಲೆ ಹೋಗಿದ್ದೆ’ ಅನ್ನೋ ಮಾತೇ ನಮ್ಮ ಕಿವಿಗೆ ವಿಚಿತ್ರ. ನಮ್ಮಲ್ಲಿ ಕೆರೆಗೆ ಹೋಗ್ತಾರೆ, ಕೆರೆಗೆ ಇಳೀತಾರೆ, ಕೆರೆಗೆ ಬೀಳ್ತಾರೆ. ಕೆರೆ ಮೇಲೆ ಯಾರೂ ನಡೆಯೋದಿಲ್ಲ.

ಅಲ್ಲಿ ನಡೆಯುತ್ತಾರೆ, ಕಾರೂ ಓಡಿಸುತ್ತಾರೆ. ಅದಕ್ಕೆ ಲೆಕ್ಕವಿದೆ. ಹೊಸದಾಗಿ ಕಟ್ಟಿದ ಗಟ್ಟಿ, ತಿಳಿಯಾದ ಮಂಜುಗಡ್ಡೆಯಾದರೆ ನಡೆದು ಹೋಗಲು ಕನಿಷ್ಠ 4 ಇಂಚು ದಪ್ಪ ಬೇಕು. ಸಣ್ಣ ಕಾರಿಗೆ 9ರಿಂದ 10 ಇಂಚು, ದೊಡ್ಡ ಟ್ರಕ್ಕಿಗೆ ಇನ್ನೂ ಹೆಚ್ಚು. ಮಂಜುಗಡ್ಡೆ ಬೆಳ್ಳಗಿದ್ದರೆ, ಅಂದರೆ ಒಳಗೆ ಹಿಮವೋ ಗಾಳಿಯೋ ಸೇರಿಕೊಂಡಿದ್ದರೆ, ಈ ಅಂಕಿಗಳನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಬೇಕು. ಈ ಪಟ್ಟಿಯನ್ನು ಕೊಡುವುದು ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಪಟ್ಟಿಯ ಜೊತೆಗೇ ಇನ್ನೊಂದು ಮಾತನ್ನೂ ಇಲಾಖೆ ಹೇಳುತ್ತದೆ: ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತ ಅಲ್ಲ, ಪರೀಕ್ಷೆ ಮಾಡಿಕೊಳ್ಳುವ ಜವಾಬ್ದಾರಿ ನಿಮ್ಮದು. ಅದಕ್ಕೆ ಜನ ಕೈಯಲ್ಲಿ ಕಬ್ಬಿಣದ ಹಾರೆ ಹಿಡಿದು, ಮುಂದಿನ ಹೆಜ್ಜೆ ಇಡುವ ಜಾಗ ಕುಟ್ಟಿ ನೋಡುತ್ತಾ ಹೋಗುತ್ತಾರೆ. ಕೊರಳಲ್ಲಿ ಎರಡು ಚೂಪು ಮೊಳೆಯ ಹಿಡಿಕೆ ನೇತುಹಾಕಿಕೊಂಡಿರುತ್ತಾರೆ. ಒಳಗೆ ಬಿದ್ದರೆ ಅದನ್ನು ಅಂಚಿಗೆ ಚುಚ್ಚಿ ಹಿಡಿದು ಮೈ ಎಳೆದುಕೊಳ್ಳಲು.

ಒಂದೇ ಕೆರೆಯಲ್ಲಿ ಇಲ್ಲಿ ಹತ್ತು ಇಂಚು, ಅಲ್ಲಿ ಎರಡು ಇಂಚು ಇರಬಹುದು. ನೀರು ಒಳಬರುವ ಜಾಗ, ಹೊರಹೋಗುವ ಜಾಗ, ಸೇತುವೆಯ ಕೆಳಗೆ, ತಳದಲ್ಲಿ ಊಟೆ ಇರುವ ಕಡೆ ಮಂಜುಗಡ್ಡೆ ತೆಳುವಾಗಿರುತ್ತದೆ. ಮೇಲೆ ಹಿಮ ಬಿದ್ದರೆ ಅದು ಕಂಬಳಿಯಂತೆ ಹೊದ್ದುಕೊಂಡು ಕೆಳಗಿನ ಗಡ್ಡೆ ದಪ್ಪವಾಗಲು ಬಿಡುವುದಿಲ್ಲ. ಬಹಳ ಚಳಿ ಬಿತ್ತು, ಇನ್ನೇನು ಭಯ ಅಂತ ಹೊರಟವನ ಕಣ್ಣಿಗೆ ಎಲ್ಲ ಕಡೆ ಒಂದೇ ಬಿಳುಪು ಕಾಣುತ್ತದೆ. ಕಣ್ಣಿಗೆ ಸಪಾಟಾಗಿ ಕಂಡಿದ್ದು ಒಳಗೆ ಸಪಾಟಾಗಿರುವುದಿಲ್ಲ.

ಈಗ ಸಾಣಾಪುರಕ್ಕೆ ಬನ್ನಿ.

ನಮ್ಮ ಓದುಗರಲ್ಲಿ ಅರ್ಧ ಜನ ಅಲ್ಲಿಗೆ ಹೋಗಿರುತ್ತೀರಿ. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿದು, ಹಂಪಿ ನೋಡಿ, ನದಿಯ ಆಚೆ ದಡಕ್ಕೆ ಬಂದು, ಆನೆಗುಂದಿ, ಅಂಜನಾದ್ರಿ, ಕೊನೆಗೆ ಸಾಣಾಪುರ. ಮೊದಲು ಈ ಗದ್ದಲವೆಲ್ಲ ವಿರೂಪಾಪುರ ಗಡ್ಡೆಯಲ್ಲಿತ್ತು. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ಅಲ್ಲಿನ ಅಕ್ರಮ ರೆಸಾರ್ಟುಗಳನ್ನು ಕೆಡವಿದ ಮೇಲೆ ಹೋಮ್‌ಸ್ಟೇಗಳು, ಬಾಡಿಗೆ ಬೈಕುಗಳು, ತೆಂಗಿನಗರಿಯ ಚಪ್ಪರದ ಕೆಫೆಗಳು ಈ ಕಡೆ ಸರಿದವು. ಬತ್ತದ ಗದ್ದೆ, ಬಾಳೆ ತೋಟ, ಬಂಡೆಗುಡ್ಡ, ನಡುವೆ ನೀಲಿ ನೀರು. ಫೋಟೋಕ್ಕೆ ಹೇಳಿ ಮಾಡಿಸಿದ ಜಾಗ.

ಆದರೆ ಆ ನೀಲಿ ನೀರು ಕೆರೆ ಅಂತ ಹೆಸರಿದ್ದರೂ ನಮ್ಮೂರ ಕೆರೆಯಂಥದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಿಂತು ಮುಂದೆ ಹೋಗುವ ಜಲಾಶಯ ಅದು. ಕಾಲುವೆಗೆ ನೀರು ಬಿಟ್ಟರೆ ಒಂದು ಮಟ್ಟ, ಬಂದ್ ಮಾಡಿದರೆ ಇನ್ನೊಂದು. ಹೋದ ವರ್ಷ ಡಿಸೆಂಬರಿನಲ್ಲಿ ಆಳವಿದ್ದ ಜಾಗದಲ್ಲಿ ಈ ಸಲ ಮೊಣಕಾಲುದ್ದ ನೀರಿನ ಕೆಳಗೆ ಬಂಡೆ ಕೂತಿರಬಹುದು. ಪಕ್ಕದ ನದಿಯ ಕಥೆ ಇನ್ನೂ ಬೇರೆ. ಬಂಡೆಗಳ ನಡುವೆ ಇಕ್ಕಟ್ಟಾದ ಕೊರಕಲುಗಳಲ್ಲಿ ಮೇಲೆ ಸುಮ್ಮನೆ ಹರಿದಂತೆ ಕಾಣುವ ನೀರು ಕೆಳಗೆ ಎಳೆಯುತ್ತಿರುತ್ತದೆ, ಮಡುಗಳಿವೆ, ಸುಳಿಗಳಿವೆ, ಮೇಲಿನ ಅಣೆಕಟ್ಟಿನಿಂದ ಯಾವಾಗ ಎಷ್ಟು ನೀರು ಬಿಡುತ್ತಾರೋ ಅದರ ಮೇಲೆ ಎಲ್ಲವೂ ಬದಲಾಗುತ್ತದೆ. ಇದೇ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ. ನೀರುನಾಯಿ ಇವೆ, ಮೊಸಳೆಯೂ ಇವೆ. ನಾವು ಸ್ವಿಮ್ಮಿಂಗ್ ಪೂಲ್ ಅಂದುಕೊಳ್ಳುವುದು ಅವುಗಳ ಮನೆ.

ಇಲ್ಲಿ ಹಾರೆ ಹಿಡಿದು ಕುಟ್ಟಿ ನೋಡಲಾಗುವುದಿಲ್ಲ. ಇಲ್ಲಿನ ಹಾರೆ ಮನುಷ್ಯರ ತಲೆಯಲ್ಲಿದೆ. ಬಲೆ ಬಿಡುವವರಿಗೆ, ಹರಿಗೋಲು ಹಾಕುವವರಿಗೆ ಯಾವ ಬಂಡೆಯ ಮಗ್ಗುಲು ಎಷ್ಟು ಆಳ, ಯಾವ ತಿಂಗಳು ಎಲ್ಲಿ ಸೆಳವು, ಮಧ್ಯಾಹ್ನದ ಮೇಲೆ ಗಾಳಿ ಯಾವ ಕಡೆಯಿಂದ ಬರುತ್ತದೆ ಗೊತ್ತು. ಅವರು ಅದನ್ನು ಎಲ್ಲೂ ಬರೆದಿಟ್ಟಿಲ್ಲ. ಮಿನ್ನೆಸೋಟದಲ್ಲಿ ಪಟ್ಟಿಯಾಗಿರುವ ತಿಳಿವಳಿಕೆ ಇಲ್ಲಿ ಮಾತಾಗಿದೆ. ಮಾತಿನ ಬೆಲೆ ಅದನ್ನು ಆಡುವವನ ಬೆಲೆಯಷ್ಟೇ ಅನ್ನೋದು ನಮ್ಮ ಸಮಾಜದ ಹಳೇ ರೋಗ.

2025ರ ಫೆಬ್ರವರಿಯಲ್ಲಿ ಹೊರರಾಜ್ಯದಿಂದ ಬಂದಿದ್ದ ಯುವ ಪ್ರವಾಸಿಯೊಬ್ಬರು ಸಾಣಾಪುರದ ಹತ್ತಿರ ಬಂಡೆಯ ಮೇಲಿಂದ ನದಿಗೆ ಹಾರಿ ಕೊಚ್ಚಿಹೋದರು. ಹಾರುವ ವಿಡಿಯೋ ಎಲ್ಲರ ಫೋನಿಗೂ ಬಂತು. ನಾನು ಅದನ್ನು ಇಲ್ಲಿ ವಿವರಿಸುವುದಿಲ್ಲ. ಒಂದು ಸಾವನ್ನು ಅಷ್ಟು ಸಲ ನೋಡಿದ್ದೇ ಸಾಕು. ಆದರೆ ಆಗ ಕೇಳಿಬಂದ ಎರಡು ಮಾತು ತಲೆಯಲ್ಲಿ ಉಳಿದವು. ಒಂದು, ‘ಇವರಿಗೆ ಬೇಕಿತ್ತಾ ಇದು?’ ಇನ್ನೊಂದು, ‘ಅವರವರ ಜೀವ, ಅವರವರ ಇಷ್ಟ, ಹೇಳೋಕೆ ನಾವ್ಯಾರು?’ ಮೊದಲನೆಯದು ಹಳ್ಳಿಯ ಕಟ್ಟೆಯ ಮಾತು, ಎರಡನೆಯದು ನಮ್ಮ ಆಫೀಸಿನ ಕ್ಯಾಂಟೀನಿನ ಮಾತು. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಸ್ವಲ್ಪ ಕೆದಕಿದರೆ ಎರಡೂ ಒಂದೇ. ಎರಡೂ ಹೇಳುವುದು ಇಷ್ಟು: ಇದರಲ್ಲಿ ನನ್ನ ಪಾಲು ಏನೂ ಇಲ್ಲ.

ಈ ಪ್ರಶ್ನೆಯನ್ನು ಜಾನ್ ಸ್ಟುವರ್ಟ್ ಮಿಲ್ ಅನ್ನುವ ಇಂಗ್ಲಿಷ್ ತತ್ವಜ್ಞಾನಿ 1859ರಲ್ಲೇ ಎತ್ತಿಕೊಂಡಿದ್ದ. ಸ್ವಾತಂತ್ರ್ಯದ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಅವನು ಕೊಡುವ ಉದಾಹರಣೆಯೂ ನದಿಯದ್ದೇ. ಒಂದು ಸೇತುವೆ ಶಿಥಿಲವಾಗಿದೆ ಅಂತ ಖಚಿತವಾಗಿದೆ. ಗೊತ್ತಿಲ್ಲದೆ ಒಬ್ಬ ಅದರ ಮೇಲೆ ಕಾಲಿಡುತ್ತಿದ್ದಾನೆ, ಕೂಗಿ ಹೇಳಲು ಸಮಯವಿಲ್ಲ. ಅವನನ್ನು ಹಿಡಿದು ಎಳೆದರೆ ಅದು ಅವನ ಸ್ವಾತಂತ್ರ್ಯಕ್ಕೆ ಧಕ್ಕೆ ಅಲ್ಲ, ಯಾಕೆಂದರೆ ನದಿಗೆ ಬೀಳುವುದು ಅವನ ಇಚ್ಛೆಯಲ್ಲ. ಆದರೆ ಬೀಳುವುದು ಖಚಿತವಲ್ಲ, ಬರೀ ಅಪಾಯ ಅಷ್ಟೇ ಅಂತಿದ್ದರೆ? ಆಗ ಎಚ್ಚರಿಕೆ ಹೇಳಬೇಕು, ಬಲವಂತವಾಗಿ ತಡೆಯಬಾರದು. ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವಷ್ಟು ಅವನ ಕಾರಣ ದೊಡ್ಡದೋ ಅಲ್ಲವೋ ಅಂತ ತೂಗಬಲ್ಲವನು ಅವನೊಬ್ಬನೇ. ಮಕ್ಕಳು, ಬುದ್ಧಿ ನೆಟ್ಟಗಿಲ್ಲದವರು, ಉದ್ವೇಗದಲ್ಲಿ ಮುಳುಗಿರುವವರು ಇದಕ್ಕೆ ಹೊರತು ಅಂತಲೂ ಸೇರಿಸುತ್ತಾನೆ.

ಮಿಲ್‌ನ ಮಾತು ನನಗೆ ಇಷ್ಟ. ಬೆಂಗಳೂರಿಗೆ ಬಂದು ಹದಿಮೂರು ವರ್ಷವಾದ, ಏನು ಓದಬೇಕು, ಯಾರನ್ನ ಮದುವೆಯಾಗಬೇಕು ಅಂತ ಊರಿಗೆ ಊರೇ ಹೇಳುವುದನ್ನು ಕೇಳಿ ಬೆಳೆದ ಯಾರಿಗೆ ಇಷ್ಟವಾಗುವುದಿಲ್ಲ? ಆದರೆ ಆ ಸೇತುವೆಯನ್ನು ಲಂಡನ್ನಿನಿಂದ ಎತ್ತಿ ಆನೆಗುಂದಿಗೆ ತಂದು ಇಟ್ಟರೆ ಅಲುಗಾಡತೊಡಗುತ್ತದೆ. (ಆನೆಗುಂದಿಗೂ ಸೇತುವೆಗೂ ಆಗಿಬರುವುದಿಲ್ಲ ಅನ್ನಿ. ತಳವಾರಘಟ್ಟದಿಂದ ಆನೆಗುಂದಿಗೆ ವರ್ಷಗಟ್ಟಲೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಅವರಿಗೆ ಯಾರು ಎಚ್ಚರಿಕೆ ಹೇಳಿದ್ದರು, ತೂಗಿ ನೋಡುವ ಸ್ವಾತಂತ್ರ್ಯ ಅವರಿಗೆ ಎಷ್ಟಿತ್ತು ಅನ್ನೋದು ಬೇರೆಯದೇ ಪ್ರಬಂಧ.)

ಮೊದಲನೇ ತೊಡಕು: ಎಚ್ಚರಿಕೆ ಅಂದರೆ ಯಾವುದು? ನಮ್ಮಲ್ಲಿ ನೀರಿರುವ ಎಲ್ಲ ಕಡೆ ‘ಅಪಾಯ, ಈಜಬಾರದು’ ಬೋರ್ಡ್ ಇರುತ್ತದೆ. ಮೊಣಕಾಲುದ್ದ ಹಳ್ಳಕ್ಕೂ ಅದೇ, ಮೂವತ್ತು ಅಡಿ ಮಡುವಿಗೂ ಅದೇ. ಕಂಪ್ಯೂಟರ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ದಿನಕ್ಕೆ ನಾನೂರು ಅಲರ್ಟ್ ಬರುವ ಸಿಸ್ಟಮ್‌ನಲ್ಲಿ ನಾನೂರ ಒಂದನೆಯದನ್ನು ಯಾರೂ ತೆಗೆದು ನೋಡುವುದಿಲ್ಲ. ಎಲ್ಲ ಕಡೆ ಅಪಾಯ ಅಂತ ಬರೆದವನು ಎಲ್ಲೂ ಏನೂ ಬರೆದಂತಾಗಲಿಲ್ಲ. ಅವನು ಬೋರ್ಡ್ ಹಾಕಿದ್ದು ನಿಮ್ಮ ಜೀವ ಉಳಿಸಲು ಅಲ್ಲ, ನಾಳೆ ಯಾರಾದರೂ ಕೇಳಿದರೆ ತೋರಿಸಲು. ಅದರ ಪಕ್ಕದಲ್ಲಿ ‘4 ಇಂಚು’ ಅನ್ನುವ ಮಾತನ್ನು ಇಟ್ಟು ನೋಡಿ. ಅದು ನಿಮ್ಮನ್ನು ಹೆದರಿಸುವುದಿಲ್ಲ, ನಿಮ್ಮ ಕೈಗೆ ಅಳತೆಗೋಲು ಕೊಡುತ್ತದೆ. ನಿಮ್ಮನ್ನು ದೊಡ್ಡವರೆಂದು ನಂಬುತ್ತದೆ.

ಕುಷ್ಟಗಿ ಕಡೆಯ ನಮ್ಮೂರಲ್ಲಿ ನದಿಯಿಲ್ಲ. ಈಜು ಕಲಿತಿದ್ದೆಲ್ಲ ತೋಟದ ಬಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ಕಾಕಾ ಬಾವಿಯ ಮೆಟ್ಟಿಲ ಮೇಲೆ ಬೀಡಿ ಹಚ್ಚಿಕೊಂಡು ಕೂತಿರುತ್ತಿದ್ದರು. ಹುಷಾರು ಅನ್ನುವ ಪದ ಅವರ ಬಾಯಿಂದ ಬಂದಿದ್ದು ನೆನಪಿಲ್ಲ. ‘ಮೂಡಣ ಮಗ್ಗಲಕ ಜಿಗೀಬ್ಯಾಡ, ಅಲ್ಲಿ ಕಲ್ಲು ಚಾಚೈತಿ. ಈ ಮೂಲಿಗೆ ಜಿಗಿ, ಎರಡಾಳು ನೀರೈತಿ.’ ಎಲ್ಲಿ ಬೇಡ ಅನ್ನುವುದರ ಜೊತೆಗೆ ಎಲ್ಲಿ ಆಗಬಹುದು ಅಂತಲೂ ಹೇಳುವುದು. ಜಿಗಿಯುವ ಆಸೆಯನ್ನು ಅವರು ತಪ್ಪು ಅನ್ನಲಿಲ್ಲ. ಇಂಥ ಎಚ್ಚರಿಕೆ ಸಿಕ್ಕ ಮೇಲೆ ಮಾತ್ರ ಮಿಲ್ ಹೇಳುವ ಸ್ವಾತಂತ್ರ್ಯಕ್ಕೆ ಅರ್ಥ. ಏನು ತೂಗುತ್ತಿದ್ದೇನೆಂದೇ ಗೊತ್ತಿಲ್ಲದವನು ಏನನ್ನು ತೂಗಿಯಾನು?

ಎರಡನೆಯದು ಇನ್ನೂ ಕಷ್ಟದ್ದು. ಮಿಲ್‌ನ ಸೇತುವೆಯ ಮೇಲೆ ಒಬ್ಬನೇ ಇದ್ದಾನೆ. ಅವನು ಬಿದ್ದ ಮೇಲೆ ನೀರಿಗೆ ಇಳಿಯುವವರು ಯಾರು?

2023ರ ಡಿಸೆಂಬರ್ ಕೊನೆಯಲ್ಲಿ ಮಿನ್ನೆಸೋಟದ ಅಪ್ಪರ್ ರೆಡ್ ಲೇಕ್‌ನಲ್ಲಿ ಮಂಜುಗಡ್ಡೆಯ ದೊಡ್ಡ ಹಾಳೆಯೊಂದು ದಡದಿಂದ ಬಿಟ್ಟುಕೊಂಡು ತೇಲಿತು. ಅದರ ಮೇಲೆ ಮೀನು ಹಿಡಿಯುತ್ತಾ ಕೂತಿದ್ದವರು ನೂರಕ್ಕೂ ಹೆಚ್ಚು ಮಂದಿ. ಎಲ್ಲರನ್ನೂ ಉಳಿಸಿ ತಂದರು. ತಂದವರು ಅಲ್ಲಿನ ಅಗ್ನಿಶಾಮಕದವರು, ಪೊಲೀಸರು, ಅದೇ ಕತ್ತಲಲ್ಲಿ ಅದೇ ನೀರಿನ ಮೇಲೆ ಹೋಗಿ. ‘ನನ್ನ ಜೀವ ನನ್ನಿಷ್ಟ’ ಅಂತ ಹೊರಟವನ ಲೆಕ್ಕದಲ್ಲಿ ಇವರ ಜೀವ ಸೇರಿರಲಿಲ್ಲ. ಅಲ್ಲಿ ರಕ್ಷಣೆಗೆ ಹೋಗುವವರಿಗೆ ತರಬೇತಿಯ ಮೊದಲ ಪಾಠವೇ ಇದು: ಕೂಗಿ ಹೇಳು, ಕೋಲು ಚಾಚು, ಹಗ್ಗ ಎಸೆ, ನೀನು ಹೋಗುವುದು ಕೊನೆಯ ದಾರಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಥಣ್ಣನೆಯ ನೀರಿಗೆ ಬಿದ್ದವರಿಗಾಗಿ ಒಂದು ಸೂತ್ರ ಮಾಡಿದ್ದಾರೆ, 1-10-1. ಉಸಿರು ಹಿಡಿತಕ್ಕೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಕೇಳಿದ ಹಾಗೆ ಆಡುವುದು 10 ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು 1 ಗಂಟೆ. ಅಂದರೆ ಬಿದ್ದವನಿಗೆ ಅವನು ಭಾವಿಸಿದ್ದಕ್ಕಿಂತ ಹೆಚ್ಚು ಸಮಯವಿದೆ, ಗಾಬರಿ ಬೀಳಬೇಡ ಅಂತ.

ನಮ್ಮ ಬೆಚ್ಚನೆಯ ನೀರು ಈ ಸಮಯವನ್ನೂ ಕೊಡುವುದಿಲ್ಲ. ಈಜು ಬಾರದವನು ನಿಮಿಷಗಳಲ್ಲಿ ಮುಗಿದುಹೋಗುತ್ತಾನೆ, ಅದೂ ಸಿನಿಮಾದ ಹಾಗೆ ಕೂಗಾಡದೆ, ಸದ್ದಿಲ್ಲದೆ. ಪೇಪರಿನ ಜಿಲ್ಲಾ ಪುಟದಲ್ಲಿ ಒಂದೇ ಸುದ್ದಿ ಊರು ಬದಲಿಸಿ ಬದಲಿಸಿ ಬರುತ್ತದೆ ನೋಡಿ: ಒಬ್ಬ ಮುಳುಗಿದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನ ಹಿಂದೆ ಅಕ್ಕನೋ ತಮ್ಮನೋ. ಸಾಣಾಪುರದಂಥ ಕಡೆ ಕರೆ ಹೋಗುವುದು ಮೊದಲು ಊರಿನ ಈಜುಗಾರರಿಗೆ. ಬಂಡೆಯ ಸಂದಿಯಲ್ಲಿ ಸಿಕ್ಕ ಹೆಣವನ್ನು ಸೆಳವಿನಲ್ಲಿ ಮುಳುಗಿ ಬಿಡಿಸಿ ತರುವುದು ಎಂಥ ಕೆಲಸ ಅಂತ ಯೋಚಿಸಿ. ಅವರಿಗೆ ‘ನನ್ನ ಜೀವ, ನನ್ನಿಷ್ಟ, ನಾ ಇಳಿಯಂಗಿಲ್ಲ’ ಅನ್ನುವ ಸ್ವಾತಂತ್ರ್ಯ ಪುಸ್ತಕದಲ್ಲಿದೆ. ದಡದ ಮೇಲೆ ಒಬ್ಬ ತಾಯಿ ಎದೆ ಬಡಕೊಂಡು ಅಳುತ್ತಿರುವಾಗ ಇರುವುದಿಲ್ಲ.

ಹಾಗಂತ ಅಪಾಯವನ್ನೇ ಮುಟ್ಟಬಾರದು ಅಂತ ನಾನು ಹೇಳುತ್ತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಇದೇ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಕೆಲವೇ ದಿನಗಳಲ್ಲಿ, ಭೋರ್ಗರೆವ ನೀರಿನ ಮೇಲೆಯೇ, ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಮಾರ್ಗದರ್ಶನದಲ್ಲಿ ಕೆಲಸಗಾರರು ಸ್ಟಾಪ್‌ಲಾಗ್ ಇಳಿಸಿ ನೀರು ಕಟ್ಟಿದರು. ಮೂರು ರಾಜ್ಯದ ರೈತರ ಬೆಳೆ ಆ ನೀರಿನ ಮೇಲೆ ನಿಂತಿತ್ತು. ಆ ಅಪಾಯವನ್ನೂ ಬಂಡೆ ಮೇಲಿನ ರೀಲ್ಸ್ ಅಪಾಯವನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಇವೆರಡರ ನಡುವೆ ಮೀನುಗಾರನ ಅಪಾಯವಿದೆ. ದಿನಾ ಬೆಳಗಿನ ಜಾವ ಜಾಕೆಟ್ಟೂ ಇಲ್ಲದೆ ಒಬ್ಬನೇ ಬಲೆ ಎತ್ತಲು ಹೋಗುವುದು. ಅದನ್ನು ಯಾರೂ ಸಾಹಸ ಅನ್ನುವುದಿಲ್ಲ, ಯಾರೂ ಬೋರ್ಡ್ ಹಾಕುವುದಿಲ್ಲ. ಅಪಾಯ ಎರಡು ಸಾವಿರ ರೂಪಾಯಿ ಕೊಟ್ಟು ಕೊಂಡರೆ ಅಡ್ವೆಂಚರ್, ಇನ್ನೂರು ರೂಪಾಯಿಗೆ ಮಾರಿದರೆ ಕೂಲಿ.

ಇಲ್ಲಿಗೆ ಮೂರನೇ ತೊಡಕಿಗೆ ಬಂದೆ. ನನಗೆ ನಿಜವಾಗಿ ಕಾಡುವುದು ಇದೇ.

ಹರಿಗೋಲು ಹಾಕುವವನ ಜಾಗದಲ್ಲಿ ನಿಂತು ನೋಡಿ. ಈ ಹರಿಗೋಲು ಈ ದಡಕ್ಕೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗುಂದಿಯ ಹತ್ತಿರ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಮುಂದೆ ಹೋಗುವಾಗ ಗಿರಗಿರ ತಿರುಗುತ್ತಲೇ ಇರುತ್ತದೆ ಅಂತ. ಐನೂರು ವರ್ಷದಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ತಿರುಗುವುದು ಮಾತ್ರ ಹಾಗೇ ಇದೆ, ಈಗ ಅದಕ್ಕೆ ಬೇರೆ ರೇಟು. ನಡುನೀರಿನಲ್ಲಿ ಹರಿಗೋಲನ್ನು ಬುಗುರಿ ಹಾಗೆ ತಿರುಗಿಸಿದರೆ ಕೂತವರು ಕಿರುಚುತ್ತಾರೆ, ವಿಡಿಯೋ ಮಾಡುತ್ತಾರೆ, ನೂರಿನ್ನೂರು ಹೆಚ್ಚು ಕೊಡುತ್ತಾರೆ.

ಆಕಾಶ ಕಪ್ಪಾಗಿದೆ. ಬೆಂಗಳೂರಿನ ಎಂಟು ಜನ ಬಂದಿದ್ದಾರೆ, ನಾಳೆ ಬೆಳಗ್ಗೆ ವಾಪಸ್ಸು. ಅವನಿಗೆ ಗೊತ್ತು, ಇನ್ನರ್ಧ ಗಂಟೆಗೆ ಗಾಳಿ ಬರುತ್ತದೆ. ಅವನು ‘ಇವತ್ತು ಬ್ಯಾಡ್ರಿ ಸರ’ ಅಂದರೆ ಏನಾಗುತ್ತದೆ? ಅವರು ಪಕ್ಕದವನ ಹತ್ತಿರ ಹೋಗುತ್ತಾರೆ. ಅವನೂ ಒಲ್ಲೆ ಅಂದರೆ ಮೂರನೆಯವನು. ಯಾರಾದರೊಬ್ಬ ಒಪ್ಪುತ್ತಾನೆ, ಯಾಕೆಂದರೆ ಅವನ ಮಗಳ ಹಾಸ್ಟೆಲ್ ಫೀಸು ಈ ವಾರ ಕಟ್ಟಬೇಕು. ಹತ್ತರಲ್ಲಿ ಒಂಬತ್ತು ಸಲ ಏನೂ ಆಗದೆ ಎಂಟೂ ಜನ ನಗುನಗುತ್ತಾ ದಡಕ್ಕೆ ಬರುತ್ತಾರೆ. ‘ಬ್ಯಾಡ್ರಿ’ ಅಂದವನು ಹೇಡಿಯಾದ, ಅವತ್ತಿನ ದುಡಿಮೆಯೂ ಹೋಯಿತು. ಹತ್ತನೇ ಸಲ ಮಗುಚಿದರೆ ಜೈಲಿಗೆ ಹೋಗುವವನೂ ಅವನ ಪೈಕಿಯವನೇ. ದುರಂತವಾದ ಮರುದಿನ ಹರಿಗೋಲು ನಿಷೇಧದ ಮಾತು ಬರುತ್ತದೆ, ಎಚ್ಚರಿಕೆ ಹೇಳಿದವನ ಹರಿಗೋಲೂ ಅದರಲ್ಲಿ ದಡಕ್ಕೆ ಬೋರಲಾಗುತ್ತದೆ.

ಅಂದರೆ ಯಾರಿಗೆ ಅತಿ ಹೆಚ್ಚು ಗೊತ್ತಿದೆಯೋ ಅವನಿಗೆ ಇಲ್ಲ ಅನ್ನುವ ತಾಕತ್ತು ಅತಿ ಕಡಿಮೆ. ಇದು ಸಾಣಾಪುರದ್ದಷ್ಟೇ ಕಥೆಯಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಏಳು ಜನರೊಡನೆ ಸಿಡಿದಾಗಲೂ ನಡೆದಿದ್ದು ಇದೇ. ಹಿಂದಿನ ರಾತ್ರಿ ಫ್ಲೋರಿಡಾದಲ್ಲಿ ಹೆಪ್ಪುಗಟ್ಟುವ ಚಳಿ. ರಾಕೆಟ್ಟಿನ ಕೀಲುಗಳಲ್ಲಿರುವ ರಬ್ಬರ್ ಬಳೆಗಳು ಈ ಚಳಿಗೆ ಸೆಟೆದುಕೊಳ್ಳುತ್ತವೆ, ಹಾರಿಸಬೇಡಿ ಅಂತ ಅದನ್ನು ತಯಾರಿಸಿದ ಕಂಪನಿಯ ಎಂಜಿನಿಯರುಗಳು ಫೋನಿನಲ್ಲಿ ವಾದ ಮಾಡಿದರು. ನಾಸಾದವರಿಗೆ ಆ ಮಾತು ಹಿಡಿಸಲಿಲ್ಲ. ಕೊನೆಗೆ ಕಂಪನಿಯ ಮ್ಯಾನೇಜರುಗಳೇ ತಮ್ಮ ಎಂಜಿನಿಯರುಗಳನ್ನು ಬದಿಗಿಟ್ಟು ಹಾರಿಸಬಹುದು ಅಂದರು. ಗಿರಾಕಿ ದೊಡ್ಡವನು, ಬೇಡ ಅನ್ನುವವನು ಚಿಕ್ಕವನು. ನಾವು ಕೋಡು ಬರೆಯುವವರು ಈ ಕಥೆಯನ್ನು ಟ್ರೇನಿಂಗಿನಲ್ಲಿ ಕೇಳಿ ತಲೆಯಾಡಿಸಿ, ಶನಿವಾರ ಸಾಣಾಪುರಕ್ಕೆ ಹೋಗಿ ನಾವೇ ಆ ಗಿರಾಕಿಯಾಗಿ ನಿಲ್ಲುತ್ತೇವೆ: ‘ಏ, ಏನೂ ಆಗಲ್ಲ ನಡಿ ಬಾಸ್, ನೂರು ರೂಪಾಯಿ ಜಾಸ್ತಿ ಕೊಡ್ತೀವಿ.’

ಗಮನಿಸಿ, ಆ ನೂರು ರೂಪಾಯಿ ಹೆಚ್ಚು ಕೊಡುವುದೂ ಒಂದು ಬಲವಂತ. ಮಿಲ್‌ಗೆ ಕೈ ಹಿಡಿದು ಎಳೆಯುವ ಬಲವಂತವೇ ಮುಖ್ಯವಾಗಿ ಕಂಡಿತು. ನೋಟು ಹಿಡಿದು ಎಳೆಯುವುದು ನಮ್ಮ ಕಾಲದ್ದು. ‘ನನ್ನ ಅಪಾಯ ನಾನು ತಗೋತೀನಿ’ ಅನ್ನುವ ಮಾತಿನಲ್ಲಿ, ಹುಟ್ಟು ಹಾಕುವ ಇನ್ನೊಬ್ಬ ಮನುಷ್ಯ ಅದೇ ಹರಿಗೋಲಿನಲ್ಲಿ ಕೂತಿದ್ದಾನೆ ಅನ್ನೋದು ಮರೆತೇಹೋಗಿರುತ್ತದೆ.

ಅಂಬಿಗರ ಬಗ್ಗೆ ಯೋಚಿಸಿದಾಗೆಲ್ಲ ನನಗೆ ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯ ನೆನಪಾಗುತ್ತಾನೆ. ಬೇರೆ ಶರಣರು ತಮ್ಮ ವಚನದ ಕೊನೆಗೆ ಇಷ್ಟದೇವರ ಹೆಸರನ್ನು ಅಂಕಿತವಾಗಿಟ್ಟರೆ ಇವನು ತನ್ನ ಹೆಸರನ್ನೇ ಇಟ್ಟ. ಅದು ಸೊಕ್ಕು ಅನ್ನುವವರಿದ್ದಾರೆ. ನನಗೆ ಅದು ದೋಣಿಯವನ ಅಭ್ಯಾಸ ಅನ್ನಿಸುತ್ತದೆ. ನಡುನೀರಿನಲ್ಲಿ ‘ದೇವರಿದ್ದಾನೆ’ ಅಂದರೆ ಸಾಲದು, ‘ನಾನಿದ್ದೀನಿ’ ಅನ್ನಬೇಕಾಗುತ್ತದೆ. ಹಾಗೆ ಹೇಳುವವನಿಗೆ ‘ಇವತ್ತು ಒಲ್ಲೆ’ ಅನ್ನುವ ಹಕ್ಕೂ ಇರಬೇಕು.

ಹಕ್ಕು ಇರಬೇಕು ಅನ್ನುವುದು ಸುಲಭ. ಅದಕ್ಕೆ ದುಡ್ಡು ಬೇಕು. ನನಗೆ ತೋಚುವುದು ಇಷ್ಟು, ದೊಡ್ಡ ಯೋಜನೆ ಏನಲ್ಲ. ಗಾಳಿಗೋ ನೀರಿಗೋ ಹರಿಗೋಲು ಬಿಡದ ದಿನಕ್ಕೂ ಅವರಿಗೆ ಅರ್ಧ ಕೂಲಿಯಾದರೂ ಸಿಗಬೇಕು. ಹೋಮ್‌ಸ್ಟೇ ಬಾಡಿಗೆಯಲ್ಲಿ, ಪಾರ್ಕಿಂಗ್ ಚೀಟಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಸೇರಿಸಿ ಪಂಚಾಯಿತಿ ಒಂದು ಗಂಟು ಮಾಡಿಟ್ಟರೆ ಆಗದ ಕೆಲಸವಲ್ಲ. ಒಬ್ಬ ಬೇಡ ಅಂದರೆ ಉಳಿದವರೂ ಅವತ್ತು ಬಿಡಬಾರದು ಅಂತ ಅವರವರೇ ಮಾತಾಡಿಕೊಳ್ಳಬೇಕು. ಅಣೆಕಟ್ಟಿನಿಂದ, ಕಾಲುವೆಯಿಂದ ಎಷ್ಟು ನೀರು ಬಿಟ್ಟಿದ್ದಾರೆ ಅನ್ನುವ ಅಂಕಿಯನ್ನು ‘ಅಪಾಯ’ ಬೋರ್ಡಿನ ಮೇಲೆ ದಿನಾ ಬೆಳಗ್ಗೆ ಸುಣ್ಣದಲ್ಲಿ ಬರೆದರೂ ಸಾಕು, ನಮ್ಮ ನಾಲ್ಕು ಇಂಚು ಅದು. ಇಲ್ಲಿ ಜಿಗಿಯಬಾರದು, ಅಲ್ಲಿ ಕಾಲು ಇಳಿಬಿಡಬಹುದು ಅಂತ ಬಂಡೆ ಬಂಡೆಗೂ ಗುರುತು ಹಾಕಿದರೆ ಇನ್ನೂ ಒಳ್ಳೆಯದು. ಇಂಥದ್ದು ಯಾವುದೂ ಇಲ್ಲದೆ ಬರೀ ನಿಷೇಧ ಅಂದರೆ ನಂಬಿಕೆಯಿಲ್ಲ. ನಿಷೇಧ ಬಂದಲ್ಲಿ ವ್ಯವಹಾರ ಕತ್ತಲಿಗೆ ಸರಿಯುತ್ತದೆ, ಲೈಫ್ ಜಾಕೆಟ್ ಮೊದಲು ಮಾಯವಾಗುತ್ತದೆ.

ಗೆಳೆಯನೊಬ್ಬ ಕೇಳಿದ, ಇಷ್ಟೆಲ್ಲ ಆದಮೇಲೂ ಒಬ್ಬ ಹಾರ್ತೀನಿ ಅಂದರೆ? ಪೂರ್ತಿ ಗೊತ್ತಿದ್ದು, ಈಜು ಬಲ್ಲವನಾಗಿ, ಯಾರನ್ನೂ ಜೊತೆಗೆ ಎಳೆಯದೆ? ಆಗ ಹಾರಲಿ ಅಂತಲೇ ನನ್ನ ಉತ್ತರ. ಅಲ್ಲಿ ಮಿಲ್ ಸರಿ. ಆದರೆ ‘ಯಾರನ್ನೂ ಜೊತೆಗೆ ಎಳೆಯದೆ’ ಅನ್ನುವ ಷರತ್ತನ್ನು ಪೂರೈಸುವವರು ಎಷ್ಟು ಜನ ಅಂತ ಎಣಿಸಲು ಹೊರಟರೆ, ವಿಡಿಯೋ ಮಾಡುತ್ತಾ ಮೂರು, ಎರಡು, ಒಂದು ಅಂತ ಎಣಿಸುವ ಗೆಳೆಯರೂ ಲೆಕ್ಕಕ್ಕೆ ಬರುತ್ತಾರೆ. ನಾಳೆ ಪೊಲೀಸ್ ಠಾಣೆಯಲ್ಲಿ, ಅವನ ಮನೆಯಲ್ಲಿ, ಅಷ್ಟೇ ಏಕೆ, ರಾತ್ರಿ ತಮ್ಮ ಹಾಸಿಗೆಯಲ್ಲೂ ಅವರು ಉತ್ತರ ಕೊಡುತ್ತಲೇ ಇರಬೇಕು.

ಹೋದ ಚಳಿಗಾಲ ನಾವು ನಾಲ್ಕು ಜನ ಹೋಗಿದ್ದಾಗ, ಸೇಫಾ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಗಿರಾಕಿಯನ್ನು ಕಳೆದುಕೊಳ್ಳಲು ಒಪ್ಪದ ಯಾವ ಮನುಷ್ಯನೂ ಕೊಡುವುದು ಒಂದೇ ಉತ್ತರ. ಬದಲಿಗೆ ದುಡ್ಡು ಮೊದಲೇ ಕೈಗೆ ಕೊಟ್ಟು, ಹೋಗಲಿ ಬಿಡಲಿ ಇದು ನಿಮ್ಮದೇ ಅಂತ ಹೇಳಿ, ಆಮೇಲೆ ಕೇಳಿದೆ: ‘ಕಾಕಾ, ನಿಮ್ಮ ಮಗಳನ್ನ ಇವತ್ತು ಕರಕೊಂಡು ಹೋಗ್ತಿದ್ರೇನು?’

ಅಲ್ಲಿಯವರೆಗೆ ಸರ ಸರ ಅನ್ನುತ್ತಿದ್ದವರು ನನ್ನ ಮಾತಿನ ಧಾಟಿ ಕೇಳಿ, ‘ಯಾವೂರ ತಮ್ಮಾ ನಿಂದು?’ ಅಂದರು. ಹೇಳಿದೆ. ನೀರಿನ ಕಡೆ ಒಂದು ಸಲ, ಗುಡ್ಡದ ಕಡೆ ಒಂದು ಸಲ ನೋಡಿದರು.

‘ಕರಕೊಂಡು ಹೋಗ್ತಿದ್ದೆ. ಆ ದೊಡ್ಡ ಬಂಡಿ ತನಕ ಅಷ್ಟ. ಅದರಾಚೆ ಕಾಲುವಿ ಬಾಯಿ ಐತಿ, ನಿನ್ನಿಯಿಂದ ನೀರು ಜಾಸ್ತಿ ಬಿಟ್ಟಾರ. ನಾಕು ಗಂಟಿ ಮ್ಯಾಲ ಗಾಳಿ ಬರ್ತೈತಿ, ಅಷ್ಟ್ರಾಗ ದಡಕ್ಕ ಬರಬೇಕು. ಜಾಕೀಟು ಬಿಚ್ಚಂಗಿಲ್ಲ, ಫೋಟೋಕ್ಕೂ ಬಿಚ್ಚಂಗಿಲ್ಲ.’

ಗಂಟೆ ಆಗ ಎರಡೂವರೆ. ಹೋಗಿ ಬಂದೆವು.